ಯಲ್ದೂರಿನ ಎರಡನೆಯ ಆಕಾಶ

ಬೇರೆ ಊರುಗಳಿಗೆಲ್ಲ ಒಂದೇ ಆಕಾಶ. ಯಲ್ದೂರಿಗೆ ಎರಡು. ಮೊದಲನೆಯದನ್ನು ದೇವರು ಮಾಡಿದ; ಅದರಲ್ಲಿ ಊರಿನವರಿಗೆ ಅಂಥ ವಿಶೇಷವೇನೂ ಕಂಡಿಲ್ಲ. ಎರಡನೆಯದನ್ನು ಮಡಿವಾಳರ ಸೊಣ್ಣಪ್ಪ ಮಾಡಿದ. ಅದನ್ನು ಉಬ್ಬೆಗೆ ಹಾಕಿ ಬೇಯಿಸಬಹುದಿತ್ತು, ಬಂಡೆಗೆ ಬಡಿಯಬಹುದಿತ್ತು, ಹಿಂಡಿ, ಒಣಗಿಸಿ, ಮಡಿಸಿ, ಕತ್ತೆಯ ಬೆನ್ನಿಗೆ ಹೇರಿ ಕ್ಯಾಲನೂರಿಗೋ ಸುಗಟೂರಿಗೋ ಸಾಗಿಸಬಹುದಿತ್ತು. ದೇವರು ಮಾಡಿದ ಆಕಾಶದಲ್ಲಿ ಇಂಥ ಅನುಕೂಲ ಒಂದಾದರೂ ಉಂಟೆ?

ಇಂಥ ಸೃಷ್ಟಿಕರ್ತ ಎಲ್ಲರ ಹಾಗೆ ಸುಮ್ಮನೆ ಅಳುತ್ತಾ ಹುಟ್ಟಲು ಸಾಧ್ಯವಿಲ್ಲ. ಸೊಣ್ಣಪ್ಪ ಭೂಮಿಗೆ ಬಿದ್ದ ಮರುಗಳಿಗೆಯೇ ಸೂಲಗಿತ್ತಿಯ ಸೆರಗಿನ ಮೇಲೆ ಗುರುತು ಹಾಕಿದನಂತೆ. ಅದು ಎಂಥ ಗುರುತು ಎಂಬುದನ್ನು ಸೂಲಗಿತ್ತಿ ಕೊನೆಯವರೆಗೂ ಬಾಯಿ ಬಿಟ್ಟು ಹೇಳಲಿಲ್ಲ. ಅಂದಿನಿಂದ ಗುರುತು ಹಾಕುವುದೇ ಅವನ ಚಟವಾಯಿತು. ಮಡಿವಾಳರೆಲ್ಲ ಬಟ್ಟೆಗೆ ಗುರುತು ಹಾಕುತ್ತಾರೆ, ಅದರಲ್ಲೇನು ಅನ್ನಬೇಡಿ. ಸೊಣ್ಣಪ್ಪ ಕತ್ತೆಯ ಕಿವಿಗೆ ಹಾಕಿದ. ಮುದ್ದೆ ತೊಳಸುವ ಕೋಲಿಗೆ ಹಾಕಿದ. ಹಬ್ಬಕ್ಕೆ ಬಂದ ಅಳಿಯ ಹಿತ್ತಿಲಲ್ಲಿ ಮುಖ ತೊಳೆದು ಬರುವಷ್ಟರಲ್ಲಿ ಅವನ ಪೇಟಕ್ಕೂ ಒಂದು ಹಾಕಿ ಕಳಿಸಿದ. "ನಾನು ಬಾಯಿ ಬಿಟ್ಟು ಮಲಗೋದೇ ಇಲ್ಲ ಕಣಮ್ಮ, ಹಲ್ಲಿಗೂ ಒಂದು ಹಾಕಿಬಿಟ್ಟಾನು" ಎಂದು ಅವನ ಹೆಂಡತಿ ಅಂಜಮ್ಮ ನೀರಿಗೆ ಹೋದಲ್ಲೆಲ್ಲ ಹೇಳುತ್ತಿದ್ದಳು.

ಕರಿಗೇರಿನ ಬೀಜಕ್ಕೆ ಸೂಜಿ ಚುಚ್ಚಿ, ಒಳಗಿನ ಕಪ್ಪು ರಸವನ್ನು ಬಟ್ಟೆಯ ಅಂಚಿಗೆ ಮುಟ್ಟಿಸಿ, ಮೇಲೊಂದಿಷ್ಟು ಸುಣ್ಣ ತೀಡಿದರೆ ಮುಗಿಯಿತು. ಬಟ್ಟೆ ಹರಿದು ಚಿಂದಿಯಾದರೂ ಗುರುತು ಅಳಿಯದು. ಮನೆಮನೆಗೂ ಬೇರೆಬೇರೆ ಗುರುತು. ಪಟೇಲರ ಮನೆಗೆ ಒಲೆಗುಂಡುಗಳ ಹಾಗೆ ಮೂರು ಚುಕ್ಕಿ. ಭಜನೆಯ ಮುನಿರಾಮಪ್ಪನ ಮನೆಗೆ ಎರಡು ಚುಕ್ಕಿ, ಕೆಳಗೊಂದು ಗೀಟು. ಬಚ್ಚಪ್ಪನಿಗೆ ನಾಲ್ಕು ಚುಕ್ಕಿಯ ಚೌಕ. ಕದಿರಪ್ಪನಿಗೆ ಐದು ಚುಕ್ಕಿ, ಬಾಲ ಬೇರೆ. ಒಂಟಿಯಾಗಿದ್ದ ದೊಡ್ಡವೆಂಕಟಮ್ಮನಿಗೆ ಒಂದೇ ಒಂದು ಚುಕ್ಕಿ. ಊರಿನವರಿಗೆ ತಮ್ಮ ಮನೆಯ ಗುರುತು ತಮ್ಮ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು. ಕನ್ನಡಿ ಎಲ್ಲೋ ಒಂದೆರಡು ಮನೆಯಲ್ಲಿತ್ತು, ಪಂಚೆ ಎಲ್ಲರಿಗೂ ಇತ್ತು. ಇಷ್ಟೆಲ್ಲ ಗುರುತು ಹಾಕಿಯೂ ಸೊಣ್ಣಪ್ಪ ಬಟ್ಟೆಗಳನ್ನು ಅದಲುಬದಲು ಮಾಡುತ್ತಿದ್ದ. ಗುರುತು ಹಾಕುವುದು ಅವನಿಗೆ ಪ್ರಾಣ. ಅದನ್ನು ನೋಡಿ ಹಂಚುವುದು ಬೇಸರದ ಕೆಲಸ.

ಸೊಣ್ಣಪ್ಪನ ಮನೆತನಕ್ಕೆ ಆಸ್ತಿ ಅಂತ ಇದ್ದದ್ದು ಒಂದೇ: ಮೇಲುಕಟ್ಟಿನ ಹಕ್ಕು. ಊರಿನ ಯಾವ ಮದುವೆಯಾದರೂ ಚಪ್ಪರದ ಕೆಳಗೆ, ಹಸೆಯ ಮೇಲೆ, ಬಿಳಿಯ ಬಟ್ಟೆಯ ಮೇಲುಕಟ್ಟನ್ನು ಅವನ ಮನೆಯವರೇ ಕಟ್ಟಬೇಕು. ಅವನ ಅಪ್ಪ ಕಟ್ಟಿದ್ದ, ತಾತ ಕಟ್ಟಿದ್ದ. ಮೇಲುಕಟ್ಟಿಲ್ಲದೆ ತಾಳಿ ಕಟ್ಟುವಂತಿಲ್ಲ, ಸೊಣ್ಣಪ್ಪನಿಲ್ಲದೆ ಮೇಲುಕಟ್ಟು ಕಟ್ಟುವಂತಿಲ್ಲ. ಆ ಒಂದು ದಿನ ಪಟೇಲರೂ ಅವನನ್ನು "ಬಾರಪ್ಪ ಸೊಣ್ಣಪ್ಪ" ಅನ್ನಬೇಕಿತ್ತು. ಉಳಿದ ದಿನಗಳಲ್ಲಿ "ಲೇ ಸೊಣ್ಣ" ಸಾಕಾಗುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರ ವೈಶಾಖದಲ್ಲಿ ಈ ಹಕ್ಕಿಗೆ ಕುತ್ತು ಬಂತು. ತಂದವನು ಪಟೇಲ್ ಕೋದಂಡರಾಮಪ್ಪನವರ ಅಳಿಯನಾಗಲಿದ್ದ ಅಶ್ವತ್ಥಪ್ಪ, ಮಾಲೂರು ಕಡೆಯ ಮೇಷ್ಟ್ರು. ಖಾದಿ ತೊಟ್ಟಿದ್ದ, ಕನ್ನಡಕ ಹಾಕಿದ್ದ. ಅಷ್ಟಾದರೆ ತಡೆದುಕೊಳ್ಳಬಹುದಿತ್ತು, ಸತ್ಯವನ್ನೇ ಹೇಳುತ್ತೇನೆ ಎಂಬ ವ್ರತವನ್ನೂ ಹಿಡಿದಿದ್ದ. ಹೆಣ್ಣು ನೋಡಲು ಬಂದಾಗ "ಉಪ್ಪಿಟ್ಟು ಹೇಗಿದೆ?" ಎಂದು ಕೇಳಿದ್ದಕ್ಕೆ "ಗಂಟು ಕಟ್ಟಿದೆ" ಅಂದಿದ್ದ. ಹುಡುಗಿ ಅಕ್ಕಯಮ್ಮ ಒಳಗೆ ಬಾಯಿಗೆ ಸೆರಗಿಟ್ಟು ನಕ್ಕಿದ್ದಳು. ಉಪ್ಪಿಟ್ಟು ಮಾಡಿದ್ದು ಅವಳ ಅತ್ತಿಗೆ.

ಲಗ್ನಪತ್ರಿಕೆಯ ದಿನ ಈ ಸತ್ಯವಂತ ಹೊಸ ತಕರಾರು ತೆಗೆದ.

"ಮುಹೂರ್ತ ಮಟಮಟ ಮಧ್ಯಾಹ್ನ. ಆವಾಗ ಜೋಯಿಸರು ಮೇಲೆ ಬೆರಳು ಮಾಡಿ ಅರುಂಧತಿ ನಕ್ಷತ್ರ ಕಂಡಿತಾ ಅಂತಾರೆ. ಎಲ್ಲಾ ಮದುಮಕ್ಕಳೂ ಕಂಡಿತು ಅಂತಾರೆ. ಬಿಸಿಲಲ್ಲಿ ನಕ್ಷತ್ರ ಎಲ್ಲಿಂದ ಕಾಣುತ್ತೆ ಮಾವನೋರೆ? ನಾನು ಸುಳ್ಳು ಹೇಳಲ್ಲ."

"ನಾನೂ ಹೇಳಿದ್ದೀನಪ್ಪ," ಎಂದರು ಪಟೇಲರು. "ನಮ್ಮಪ್ಪನೂ ಹೇಳಿದ್ದ. ಸಂಸಾರ ಶುರುವಾಗೋದೇ ಅಲ್ಲಿಂದ."

"ನನ್ನದು ಹಾಗೆ ಶುರುವಾಗಬಾರದು."

ಜೋಯಿಸರು ಮುಹೂರ್ತವನ್ನು ಒಂದು ಗಳಿಗೆಯೂ ಅತ್ತಿತ್ತ ಸರಿಸಲು ಒಪ್ಪಲಿಲ್ಲ. ಕಂಡೆ ಅನ್ನದೆ ಶಾಸ್ತ್ರ ಮುಗಿಯುವುದಿಲ್ಲ. ಕಾಣದೆ ಇವನು ಕಂಡೆ ಅನ್ನುವುದಿಲ್ಲ. ಕೊನೆಗೆ ಕದಿರಪ್ಪನೇ ಉಪಾಯ ಹೇಳಿದ: ಕೋಲಾರದಲ್ಲಿ ನಾಟಕದ ಪರದೆ ಬರೆಯುವವನೊಬ್ಬ ಇದ್ದಾನೆ, ಶ್ರೀನಿವಾಸಪುರದಿಂದ ಶಾಮಿಯಾನ ತರಿಸಿ, ಅವನ ಕೈಲಿ ಅದರೊಳಗೆ ರಾತ್ರಿಯ ಆಕಾಶ ಬರೆಸಿಬಿಟ್ಟರೆ ಅರುಂಧತಿ ಕೈಗೆಟುಕುವಷ್ಟು ಹತ್ತಿರ ಕಾಣುತ್ತಾಳೆ.

ಸುದ್ದಿ ಕೆರೆಯಂಗಳಕ್ಕೆ ಮುಟ್ಟಿತು. ಒಂದು ಮದುವೆಗೆ ಶಾಮಿಯಾನ ಬಂದರೆ ಮುಂದಿನ ಮದುವೆಗೂ ಬರುತ್ತದೆ, ಅಲ್ಲಿಗೆ ತಾತನ ಕಾಲದ ಹಕ್ಕು ಕೆರೆ ಪಾಲು ಎನ್ನುವುದು ಸೊಣ್ಣಪ್ಪನಿಗೆ ತಿಳಿಯದ್ದೇನಲ್ಲ. ಬಡಿಯುತ್ತಿದ್ದ ಬಟ್ಟೆಯನ್ನು ಬಂಡೆಯ ಮೇಲೆಯೇ ಬಿಟ್ಟು, ಒದ್ದೆ ಕಾಲಲ್ಲೇ ಪಟೇಲರ ಜಗುಲಿಗೆ ಬಂದು ನಿಂತ.

"ಬುದ್ಧಿ, ಆಕಾಶ ನಾನೇ ಬರೀತೀನಿ."

"ಲೇ ಸೊಣ್ಣ, ನೀನು ಜನ್ಮದಲ್ಲಿ ಏನು ಬರ್ದಿದ್ದೀಯೋ?"

"ಬಟ್ಟೆ ಮೇಲೆ ಬರೆಯೋದು ನನಗಿಂತ ಯಾರಿಗೆ ಬರ್ತದೆ ಬುದ್ಧಿ? ಆ ಕೋಲಾರದೋನು ಬರೆದದ್ದು ಒಂದು ಮಳೆಗೆ ಇಳಿದುಹೋಗ್ತದೆ. ನನ್ನದು ನೀವು ಹೋದರೂ ಹೋಗಲ್ಲ."

ಕೊನೆಯ ಮಾತು ಪಟೇಲರಿಗೆ ಹಿಡಿಸಲಿಲ್ಲ. ಆದರೆ ಮೊಮ್ಮಕ್ಕಳ ಮದುವೆಗೂ ಅದೇ ಆಕಾಶ ಆದೀತು ಎಂಬ ಉಳಿತಾಯದ ಲೆಕ್ಕ ಹಿಡಿಸಿತು. ಒಪ್ಪಿದರು. ಸೊಣ್ಣಪ್ಪ ಜೋಯಿಸರ ಹತ್ತಿರ ಹೋಗಿ ನಕ್ಷತ್ರಗಳ ವಿಷಯ ವಿಚಾರಿಸಿದ. ಏಳು ಜನ ಋಷಿಗಳು ಸಾಲಾಗಿರುತ್ತಾರೆ, ಆರನೆಯವರು ವಸಿಷ್ಠರು, ಅವರನ್ನು ಒತ್ತಿಕೊಂಡು ಅರುಂಧತಿ, ಮಿಕ್ಕದ್ದು ನಿನ್ನಿಷ್ಟ ಎಂದು ಜೋಯಿಸರು ಹೇಳಿದರು. ಕತ್ತಲಾಗುವ ಮೊದಲೇ ಉಂಡು ಮಲಗುವ ಅಭ್ಯಾಸ ಅವರದು. ಅವರೂ ಪುಸ್ತಕದಲ್ಲಿ ನೋಡಿದ್ದಷ್ಟೆ.

ಮದುವೆಗೆ ಸ್ವಲ್ಪ ಮುಂಚೆ ಪಟೇಲರು ಮನಸ್ಸು ತಡೆಯದೆ ಕೆರೆಯಂಗಳಕ್ಕೆ ಹೋದರು. ಸೊಣ್ಣಪ್ಪ ಆಕಾಶವನ್ನು ಸುರುಳಿ ಸುತ್ತಿ ಮುಗಿಸಿದ್ದ. ಒಂದು ತುದಿ ಬಿಚ್ಚಿ ತೋರಿಸಿದ. ಪಟೇಲರು ಎದೆ ಹಿಡಿದುಕೊಂಡರು. ಬಟ್ಟೆ ಹಾಲಿನ ಹಾಗೆ ಬಿಳಿ. ನಕ್ಷತ್ರಗಳು ಕಾಗೆಯ ಹಾಗೆ ಕಪ್ಪು.

"ಏನ್ಲಾ ಇದು? ನಕ್ಷತ್ರ ಕಪ್ಪಗಿರ್ತವೇನ್ಲಾ?"

"ರಾತ್ರಿ ಬೆಳ್ಳಗಿರ್ತವೆ ಬುದ್ಧಿ. ಮುಹೂರ್ತ ಇರೋದು ಹಗಲು. ಹಗಲಲ್ಲಿ ಆಕಾಶ ಬೆಳ್ಳಗಿರ್ತದೆ. ನಕ್ಷತ್ರಾನೂ ಬೆಳ್ಳಗೇ ಇದ್ದರೆ ಮೇಷ್ಟ್ರಿಗೆ ಹೆಂಗೆ ಕಾಣ್ತದೆ?"

ಪಟೇಲರು ಬಹಳ ಹೊತ್ತು ಯೋಚಿಸಿದರು. ಈ ಮಾತಿನಲ್ಲಿ ಏನೋ ತಪ್ಪಿದೆ ಎಂದು ಗೊತ್ತು; ಎಲ್ಲಿ ಎಂದು ಗೊತ್ತಾಗಲಿಲ್ಲ. ತಲೆಯಾಡಿಸಿ ಮನೆಗೆ ಬಂದರು. ಪೂರ್ತಿ ಬಿಚ್ಚಿ ನೋಡಿದ್ದರೆ ಮುಂದಿನ ಗಲಾಟೆಯೇ ಇರುತ್ತಿರಲಿಲ್ಲ.

ಮದುವೆಯ ದಿನ ಸೊಣ್ಣಪ್ಪ ಒಗೆದ ಪಂಚೆ ಉಟ್ಟು, ಅದು ಯಾರದ್ದೋ ಇರಲಿ, ಮೇಲುಕಟ್ಟು ಕಟ್ಟಿದ. ಹಸೆಯ ಮೇಲಷ್ಟೇ ಅಲ್ಲ, ಇಡೀ ಚಪ್ಪರದ ತುಂಬ ಆಕಾಶ. ಜನ ಬಂದರು, ಕತ್ತೆತ್ತಿದರು, ಆಹಾ ಅಂದರು. ಗಂಡಿನ ಕಡೆಯವರು ಬಾಯಿ ತೆರೆದು ನಿಂತರು. ಓಲಗದವನು ಒಂದು ಕ್ಷಣ ಊದುವುದನ್ನು ಮರೆತ. ಆ ನಿಶ್ಶಬ್ದದಲ್ಲಿ ಬಚ್ಚಪ್ಪನ ದನಿ ಕೇಳಿಸಿತು:

"ಅದು ನಮ್ಮನೆ ಗುರುತಲ್ವೇನೋ?"

ಹೌದು, ಅದೇ. ನಾಲ್ಕು ಚುಕ್ಕಿಯ ಚೌಕ. ಅದರಾಚೆ ಬಾಲದ ಕದಿರಪ್ಪ. ಈಚೆ ಇನ್ನೊಬ್ಬರು. ಸೊಣ್ಣಪ್ಪನ ಕೈಗೆ ಬರುತ್ತಿದ್ದದ್ದು ಮನೆಮನೆಯ ಗುರುತು ಮಾತ್ರ. ನಕ್ಷತ್ರ ಬರಿ ಅಂದದ್ದಕ್ಕೆ ಇಡೀ ಯಲ್ದೂರನ್ನೇ ಆಕಾಶಕ್ಕೆ ಹತ್ತಿಸಿಬಿಟ್ಟಿದ್ದ. ಮೊದಲು ಎಲ್ಲರಿಗೂ ಖುಷಿ. ಆಮೇಲೆ ಯಾರು ಎಲ್ಲಿದ್ದಾರೆ ಎಂದು ನೋಡತೊಡಗಿದರು. ಖುಷಿ ಅಲ್ಲಿಗೆ ಮುಗಿಯಿತು. ಮೊದಲ ತಾಂಬೂಲ ಯಾರಿಗೆ ಎಂದು ತಲೆ ಒಡೆದುಕೊಂಡ ಊರು ಅದು. ಆಕಾಶದಲ್ಲಿ ಜಾಗ ಹಂಚಿದರೆ ಸುಮ್ಮನಿದ್ದೀತೆ?

ಕದಿರಪ್ಪನ ಬಾಲದ ನಕ್ಷತ್ರ ಸರಿಯಾಗಿ ಹಸೆಯ ನೆತ್ತಿಯ ಮೇಲಿತ್ತು. ಅವನು ಮೀಸೆ ತಿರುವಿ ಹೋಗಿ ಅದರ ಕೆಳಗೇ ಕೂತ, ವರನ ಮಗ್ಗುಲಲ್ಲಿ, ತಾನೇ ಎರಡನೆಯ ಮದುಮಗನ ಹಾಗೆ. ಇದನ್ನು ನೋಡಿ ಉಳಿದವರೂ ತಮ್ಮ ತಮ್ಮ ಗುರುತಿನ ಕೆಳಗೆ ಹೋಗಿ ಕೂರತೊಡಗಿದರು. ಬಚ್ಚಪ್ಪನ ಚೌಕ ಅಡಿಗೆಯ ಒಲೆಗಳ ಮೇಲಿತ್ತು. ಅವನು ಹಠಕ್ಕೆ ಬಿದ್ದು ಹೊಗೆಯಲ್ಲೇ ಕೆಮ್ಮುತ್ತಾ ಕೂತ. ಗುರುತೇ ಇಲ್ಲದ ಗಂಡಿನ ಕಡೆಯವರು ಆಕಾಶದಲ್ಲಾಗಲಿ ಭೂಮಿಯಲ್ಲಾಗಲಿ ಜಾಗ ಸಿಗದೆ ಬೀದಿಯಲ್ಲಿ ನಿಂತರು.

ಪಟೇಲರು ತಮ್ಮ ಮೂರು ಚುಕ್ಕಿ ಹುಡುಕಿದರು. ಮಧ್ಯದಲ್ಲಿಲ್ಲ. ಬಲಕ್ಕಿಲ್ಲ. ಕೊನೆಗೆ ಸಿಕ್ಕಿತು: ಚಪ್ಪಲಿ ಬಿಡುವ ಮೂಲೆಯ ಮೇಲೆ. ಕನ್ಯಾದಾನಕ್ಕೆ ಹಸೆಯ ಮೇಲೆ ಕೂತರೂ ಅವರ ಜೀವವೆಲ್ಲ ಚಪ್ಪಲಿಗಳ ನಡುವೆಯೇ ಇತ್ತು.

ಇಷ್ಟರಲ್ಲಿ ಜೋಯಿಸರು ಬೆರಳೆತ್ತಿದರು. "ವಸಿಷ್ಠರನ್ನು ನೋಡು. ಅವರನ್ನು ಒತ್ತಿಕೊಂಡು ಅರುಂಧತಿ. ಕಂಡಳೇನಪ್ಪ?"

ಜನವೂ ನೋಡಿತು. ವಸಿಷ್ಠರು ಎರಡು ಚುಕ್ಕಿ, ಒಂದು ಗೀಟು. ಅಂದರೆ ಭಜನೆಯ ಮುನಿರಾಮಪ್ಪ. ಅವನನ್ನು ಒತ್ತಿಕೊಂಡು ಒಂದೇ ಒಂದು ಚುಕ್ಕಿ. ಅಂದರೆ ದೊಡ್ಡವೆಂಕಟಮ್ಮ.

ದೊಡ್ಡವೆಂಕಟಮ್ಮನ ಪರಿಚಯ ಇಲ್ಲದವರಿಗೆ ಒಂದು ಮಾತು: ಆಕೆಯ ಗಂಡ ಚಿನ್ನದ ಗಣಿಯ ಕೆಲಸಕ್ಕೆಂದು ಹೋಗಿ ಭೂಮಿಯೊಳಗೆ ಇಳಿದವನು, ಅಲ್ಲಿನ ನೆಮ್ಮದಿ ನೋಡಿ ಊರಿಗೆ ವಾಪಸು ಬರಲಿಲ್ಲ. ಆಕೆ ಬೀದಿಗೆ ಬಂದರೆ ನಾಯಿಗಳು ಪಕ್ಕಕ್ಕೆ ಸರಿಯುತ್ತಿದ್ದವು. ಸಿಟ್ಟು ಬಂದಾಗ ಕನ್ನಡ ಸಾಲದೆ ತೆಲುಗಿಗೆ ಇಳಿಯುತ್ತಿದ್ದಳು.

"ನೇನಾ? ನೇನು ಅರುಂಧತೀನಾ?" ಎಂದು ಆಕೆ ಗುಡುಗಿದಳು. "ಎವಡ್ರಾ ವಾಡು, ಯಾವನೋ ಅವನು, ನನ್ನನ್ನ ತಕ್ಕೊಂಡೋಗಿ ಈ ಭಜನೆಯೋನ ಪಕ್ಕ ಕೂರಿಸಿದೋನು?"

ಮುನಿರಾಮಪ್ಪ ಕಂಬದ ಹಿಂದೆ ಹೋದ. ಅವನ ಹೆಂಡತಿ ಮುನಿಯಲ್ಲಮ್ಮ ಎದ್ದು ನಿಂತಳು. "ಇದೇನ್ರಿ ಅನ್ಯಾಯ! ಗಂಡನ್ನ ಪಾತಾಳಕ್ಕೆ ಓಡಿಸಿದೋಳು ಅರುಂಧತಿಯಂತೆ! ಮೂರೊತ್ತೂ ಮನೇಲೇ ಬಿದ್ದಿರೋ ಗಂಡನ್ನ ಸಾಕ್ತಿರೋಳು ನಾನು, ನನಗೆ ಒಂದು ಚುಕ್ಕಿ ಇಲ್ವಂತೆ!"

ಅಷ್ಟು ಸಾಕಾಯಿತು. ಬೇಡ ಅನ್ನುತ್ತಿದ್ದ ಪದವಿಯನ್ನು ದೊಡ್ಡವೆಂಕಟಮ್ಮ ಆ ಕ್ಷಣದಿಂದ ಎರಡು ಕೈಯಲ್ಲೂ ಹಿಡಿದುಕೊಂಡಳು. "ಯಾಕೆ, ನಾನು ಯಾಕಾಗಬಾರದು?"

ಇತ್ತ ಅಶ್ವತ್ಥಪ್ಪ ಕನ್ನಡಕ ಒರೆಸಿ ಮೇಲೆ ನೋಡಿದ, ಕೆಳಗೆ ನೋಡಿದ. "ಜೋಯಿಸರೇ, ಅದು ಆಯಮ್ಮನ ಬಟ್ಟೆ ಗುರುತು ಅಂತ ಈಗ ತಾನೇ ಎಲ್ಲರೂ ಹೇಳಿದರು. ಅರುಂಧತಿ ಕಂಡಳು ಅಂದರೆ ಸುಳ್ಳಾಗುತ್ತೆ."

ಮುಹೂರ್ತ ಜಾರುತ್ತಿತ್ತು. ಚಪ್ಪರದ ಗೂಟ ಹಿಡಿದು ನಿಂತಿದ್ದ ಸೊಣ್ಣಪ್ಪನ ಕಣ್ಣಮುಂದೆ ಶ್ರೀನಿವಾಸಪುರದ ಶಾಮಿಯಾನ ರೆಕ್ಕೆ ಬಿಚ್ಚಿ ಹಾರಿಬರುತ್ತಿತ್ತು.

ದೊಡ್ಡವೆಂಕಟಮ್ಮ ಜನರನ್ನು ಸೀಳಿಕೊಂಡು ಹಸೆಯ ಮುಂದೆ ಬಂದಳು. "ಏನಪ್ಪಾ ಮೇಷ್ಟ್ರೇ, ನಾನು ಅರುಂಧತಿ ಅಲ್ಲ ಅಂತ ನಿನಗೆ ಯಾರು ಹೇಳಿದ್ದು? ಗಂಡ ಊರಲ್ಲಿಲ್ಲ ಅಂತ ತಾನೇ? ಆ ಅರುಂಧತಿ ಗಂಡ ಹತ್ತಿರ ನಿಂತು ತುಟಿಪಿಟಕ್ ಅನ್ನಲ್ಲ, ನನ್ನೋನು ದೂರ ನಿಂತು ತುಟಿಪಿಟಕ್ ಅನ್ನಲ್ಲ. ಏನು ವ್ಯತ್ಯಾಸ, ಹೇಳು ನೋಡೋಣ! ಕಂಡಳಾ ಇಲ್ವಾ?"

ಸತ್ಯವ್ರತದಲ್ಲಿ ಇಂಥ ಘಟ್ಟಗಳಿಗೆ ಏನು ಮಾಡಬೇಕೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಕಂಡೆ," ಎಂದ.

"ಯಾರನ್ನ?"

"ಅರುಂಧತಿಯನ್ನ ತಾಯಿ."

ಓಲಗ ಮೊಳಗಿತು. ಅಕ್ಕಯಮ್ಮ ಮತ್ತೆ ಬಾಯಿಗೆ ಸೆರಗಿಟ್ಟುಕೊಂಡಳು. ಮದುವೆ ಮುಗಿಯಿತು, ಆದರೆ ಜಗಳ ಮುಗಿಯಲಿಲ್ಲ.

ಮಾರನೆಯ ದಿನ ಪಟೇಲರ ಮನೆಯ ಮಾವು ಹಣ್ಣುಹಾಕುವ ಕೊಟ್ಟಿಗೆಯ ಮುಂದೆ ಪಂಚಾಯ್ತಿ ಸೇರಿತು. ಒಳಗೆ ಹುಲ್ಲಿನಲ್ಲಿ ಮಾವಿನಕಾಯಿ ಹಣ್ಣಾಗುತ್ತಿತ್ತು, ಹೊರಗೆ ಊರಿನವರು ಕಾಯುತ್ತಿದ್ದರು. ಬಚ್ಚಪ್ಪನ ಕಣ್ಣು ಹೊಗೆಯಿಂದ ಇನ್ನೂ ಕೆಂಪಗಿತ್ತು. ಮುನಿರಾಮಪ್ಪನ ಕಣ್ಣು ಬೇರೆ ಕಾರಣಕ್ಕೆ ಕೆಂಪಗಿತ್ತು. ಮುನಿಯಲ್ಲಮ್ಮ ರಾತ್ರಿಯಿಡೀ ವಸಿಷ್ಠರನ್ನು ವಿಚಾರಿಸಿಕೊಂಡಿದ್ದಳು. ಕಣ್ಣು ಕೆಂಪಾದ ಇಬ್ಬರದೂ ಒಂದೇ ಮಾತು: ಸೊಣ್ಣನ ಹಕ್ಕು ಕಿತ್ತುಹಾಕಿ, ಇನ್ನು ಮೇಲೆ ಶಾಮಿಯಾನವೇ ಸರಿ. ಪಟೇಲರಿಗೂ ಒಳಗೊಳಗೆ ಚಪ್ಪಲಿಯ ಮೂಲೆ ಚುಚ್ಚುತ್ತಲೇ ಇತ್ತು.

ಅಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಹಿಂದೆ ನಿಂತಿದ್ದಳು. "ಬುದ್ಧಿ, ಹೊಟ್ಟೆ ಮೇಲೆ ಬೇಕಾದ್ರೆ ಹೊಡೀರಿ, ಮೇಲುಕಟ್ಟಿನ ಮೇಲೆ ಹೊಡೀಬೇಡಿ. ನಮ್ಮನ್ನ ಮನುಷ್ಯರು ಅಂತ ಕರೆಯೋದು ಅದೊಂದು ದಿನವೇ" ಎಂದಳು. ಯಾರೂ ಅವಳ ಮುಖ ನೋಡಲಿಲ್ಲ.

ಪಟೇಲರು ಸೊಣ್ಣಪ್ಪನ ಕಡೆ ತಿರುಗಿದರು. "ಲೇ ಸೊಣ್ಣ, ದೇವರ ಮೇಲೆ ಆಣೆ ಇಟ್ಟು ಹೇಳು. ಯಾರನ್ನ ಎಲ್ಲಿಡಬೇಕು ಅಂತ ಯಾವ ಲೆಕ್ಕದ ಮೇಲೆ ಇಟ್ಟೆ?"

ಸೊಣ್ಣಪ್ಪ ಕೈಮುಗಿದ. "ಮುಚ್ಚಿಡೋದೇನೈತೆ ಬುದ್ಧಿ, ಇದ್ದದ್ದು ಇದ್ದಂಗೆ ಹೇಳಿಬಿಡ್ತೀನಿ. ಆ ವಾರ ನಿಮ್ಮೆಲ್ಲರ ಮನೆ ಮೈಲಿಗೆ ಬಟ್ಟೆ ಬಿಚ್ಚಿ ನೋಡಿದಾಗ..."

ಮುಂದಿನ ಮಾತು ಅವನ ಬಾಯಿಂದ ಬರಲಿಲ್ಲ. ಬರಲು ಯಾರೂ ಬಿಡಲಿಲ್ಲ. ಮೈಲಿಗೆ ಬಟ್ಟೆ ಎಂಬ ಎರಡು ಪದಗಳು ಪಂಚಾಯ್ತಿಯ ಮೇಲೆ ಸಿಡಿಲಿನ ಹಾಗೆ ಬಿದ್ದವು. ಊರಿನ ಯಾವ ಮನೆಯೊಳಗೆ ಏನು ನಡೆಯುತ್ತದೆ ಎಂಬುದು ದೇವರಿಗೆ ಒಮ್ಮೊಮ್ಮೆ ತಪ್ಪಿಹೋದರೂ ಮಡಿವಾಳನಿಗೆ ತಪ್ಪುವುದಿಲ್ಲ ಎನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹಾಗಾದರೆ ಈ ಪಾಪಿ ಸುಮ್ಮನೆ ಇಟ್ಟಿಲ್ಲ. ಕರೆಗಳನ್ನು ನೋಡಿ, ತೂಗಿ, ಯೋಗ್ಯತೆ ಅಳೆದು ಇಟ್ಟಿದ್ದಾನೆ!

ಹೆಂಡವನ್ನು ಕಣ್ಣಿಂದಲೂ ನೋಡದವನೆಂದು ಹೆಸರಾಗಿದ್ದ ಬಚ್ಚಪ್ಪನಿಗೆ ತನ್ನ ಅಂಗಿಯ ಎದೆಭಾಗ ನೆನಪಾಯಿತು. ಹಬ್ಬಗಳಲ್ಲಿ ಜರಿ ಪಂಚೆ ಉಟ್ಟು ಮೆರೆಯುತ್ತಿದ್ದ ಕದಿರಪ್ಪನಿಗೆ ಆ ಪಂಚೆ ಪರರದೆಂದೂ, ಸೊಣ್ಣಪ್ಪನ ಹಿತ್ತಿಲ ಬಾಗಿಲಿಂದ ಬಂದದ್ದೆಂದೂ ನೆನಪಾಯಿತು. ಮುನಿರಾಮಪ್ಪನಿಗೆ ಏನು ನೆನಪಾಯಿತೋ, ಅವನು ಮತ್ತೆ ಕಂಬ ಹುಡುಕಿದ. ಪಟೇಲರಿಗೋ ಏಕಾದಶಿ ನೆನಪಾಯಿತು. ಊರಿಗೆಲ್ಲ ಉಪವಾಸದ ಉಪದೇಶ ಮಾಡಿ, ತೋಟದ ಮನೆಯಲ್ಲಿ ಕುಳಿತು ಚಪ್ಪರಿಸಿದ ಕೋಳಿಸಾರು, ಅದು ಚೆಲ್ಲಿದ ಟವಲು, ಆ ಟವಲನ್ನು ಗಂಟಿಗೆ ಹಾಕಿದ ತಮ್ಮ ಬುದ್ಧಿಗೇಡಿತನ.

"ಸಾಕು, ಸಾಕು!" ಎಂದು ಪಟೇಲರು ಎದ್ದೇ ನಿಂತರು. "ವಂಶದ ಹಕ್ಕಿನ ವಿಷಯದಲ್ಲಿ ಅದೆಲ್ಲ ಕೇಳೋದು ನ್ಯಾಯವಲ್ಲ."

"ಖಂಡಿತಾ ಅಲ್ಲ," ಎಂದ ಬಚ್ಚಪ್ಪ. "ನನಗೆ ಹೊಗೆ ಅಭ್ಯಾಸ."

"ಶಾಮಿಯಾನ ನಮ್ಮೂರಿಗೆ ಒಗ್ಗಲ್ಲ," ಎಂದ ಕದಿರಪ್ಪ.

"ಅಲ್ಲ ಬುದ್ಧಿ, ನಾನು ಹೇಳ್ತಿದ್ದದ್ದು..." ಎಂದು ಸೊಣ್ಣಪ್ಪ ಮತ್ತೆ ಶುರುಮಾಡಿದ.

"ನೀನು ಬಾಯಿ ಮುಚ್ಚಪ್ಪ ಸೊಣ್ಣಪ್ಪ! ಈ ಊರಲ್ಲಿ ಸೂರ್ಯಚಂದ್ರ ಇರೋವರೆಗೂ ಮೇಲುಕಟ್ಟು ನಿಂದೇ. ಅಂಜಮ್ಮ, ಕರ್ಕೊಂಡು ಹೋಗಮ್ಮ ಇವನನ್ನ."

ಮದುವೆಯಿಲ್ಲದ ದಿನವೂ "ಅಪ್ಪ" ಸೇರಿಸಿ ಕರೆಸಿಕೊಂಡ ಗಂಡನನ್ನು ಅಂಜಮ್ಮ ಅವನ ಬಾಯಿಗೆ ಕೈಯಡ್ಡ ಇಟ್ಟುಕೊಂಡೇ ಎಳೆದುಕೊಂಡು ಹೋದಳು.

ಅಲ್ಲಿಂದ ಸೊಣ್ಣಪ್ಪನ ಕೀರ್ತಿ ಬೆಳೆದದ್ದಕ್ಕೆ ಮಿತಿಯಿಲ್ಲ. ಯುದ್ಧದ ವರ್ಷಗಳಲ್ಲಿ ಬಟ್ಟೆಗೇ ಬರ ಬಂದಾಗಲೂ ಅವನ ಆಕಾಶ ಊರೂರು ತಿರುಗಿತು. ಸುಗಟೂರಿನವರು ತಮ್ಮ ಗುರುತೂ ಒಂದೆರಡು ಸೇರಿಸಪ್ಪ ಎಂದು ದುಂಬಾಲು ಬಿದ್ದರು. ಕ್ಯಾಲನೂರಿನಲ್ಲಿ ಅವನು ಮೂರು ಕಾಲದ ಜ್ಞಾನಿ ಎಂದರು. ಬಟ್ಟೆ ಮುಟ್ಟಿದರೆ ಉಟ್ಟವನ ಪಾಪ ಪುಣ್ಯ ಹೇಳುತ್ತಾನಂತೆ. ಯಲ್ದೂರಿನವರಂತೂ ಗಂಟಿಗೆ ಹಾಕುವ ಮೊದಲು ಬಟ್ಟೆಯನ್ನು ಮನೆಯಲ್ಲೇ ಒಮ್ಮೆ ಒಗೆದು ಕಳಿಸತೊಡಗಿದರು, ಮುಂದೆ ಎಂದಾದರೂ ಹೊಸ ಆಕಾಶ ಬರೆದಾಗ ಒಳ್ಳೆಯ ಜಾಗ ಸಿಗಲಿ ಎಂದು. ಸೊಣ್ಣಪ್ಪನ ಕೆಲಸ ಅರ್ಧಕ್ಕೆ ಇಳಿಯಿತು. ದೊಡ್ಡವೆಂಕಟಮ್ಮ ಮದುವೆಮದುವೆಗೂ ಹೋಗಿ ಮದುಮಕ್ಕಳ ಮುಂದೆ ನಿಂತು, ಕಂಡಳಾ ಇಲ್ವಾ ಎಂದು ಕೇಳುವುದೇ ಒಂದು ಶಾಸ್ತ್ರವಾಯಿತು. ಬಚ್ಚಪ್ಪ ನಿಜವಾಗಿಯೇ ಹೆಂಡ ಬಿಟ್ಟ. ಪಟೇಲರು ಏಕಾದಶಿಯ ದಿನ ತೋಟದ ಮನೆಯ ದಾರಿಯನ್ನೇ ತುಳಿಯಲಿಲ್ಲ.

ಆದರೆ ಆ ಮೂಲೆ ಅವರನ್ನು ಬಿಡಲಿಲ್ಲ. ಕೋಳಿಸಾರೊಂದಕ್ಕೆ ಅಷ್ಟು ದೂರ ತಳ್ಳುವುದೆ? ಬೇರೆ ಏನಾದರೂ ನೋಡಿದ್ದನೆ? ಯಾವ ಪಂಚೆ, ಯಾವ ಕರೆ? ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಕೈಗೆ ಕೋಲು ಬಂದು, ಮೊಮ್ಮಕ್ಕಳು ಓಡಾಡುವ ಹೊತ್ತಿಗೆ ಪಟೇಲರಿಗೆ ತಡೆಯಲಾಗಲಿಲ್ಲ. ಒಂದು ಬೆಳಿಗ್ಗೆ ಕೋಲೂರಿಕೊಂಡು ಕೆರೆಯಂಗಳಕ್ಕೆ ಹೋದರು. ಸೊಣ್ಣಪ್ಪ ಬಗ್ಗಿ ಬಟ್ಟೆ ಹಿಂಡುತ್ತಿದ್ದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪಟೇಲರು ಹತ್ತಿರ ಬಂದರು.

"ಸೊಣ್ಣಪ್ಪ, ನನಗೆ ವಯಸ್ಸಾಯ್ತು. ಇನ್ನು ಯಾರಿಗೂ ಹೆದರೋದೇನಿಲ್ಲ, ಏನಿದ್ದರೂ ತಡ್ಕೋತೀನಿ. ಅವತ್ತು ಪಂಚಾಯ್ತೀಲಿ ನಿನ್ನ ಬಾಯಿ ಮುಚ್ಚಿಸಿಬಿಟ್ಟೆ. ಈಗ ಹೇಳಪ್ಪ. ನಮ್ಮನೆ ಗುರುತನ್ನ ಆ ಚಪ್ಪಲಿ ಮೂಲೇಲಿ ಇಟ್ಟೆಯಲ್ಲ, ಏನು ಕಂಡು ಇಟ್ಟೆ?"

ಸೊಣ್ಣಪ್ಪ ಹಿಂಡುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ.

"ಕಾಣೋದೇನು ಬುದ್ಧಿ? ಆ ವಾರದ ಗಂಟುಗಳನ್ನ ಮುಂದೆ ಇಟ್ಕೊಂಡು, ಮೇಲಿಂದ ಒಂದೊಂದೇ ಬಿಚ್ಚಿ ಗುರುತು ನೋಡ್ಕೊಂಡು ಹಾಕ್ತಾ ಹೋದೆ. ನಿಮ್ಮದು ತಳದಲ್ಲಿತ್ತು."